ಜೈಲಿಗೆ ಹೋದವನ ಮುಖ, ಬಾಟಲಿಯ ಮೇಲೆ

1876ರ ಮಾರ್ಚ್ 1. ಅಮೆರಿಕದ ನಾರ್ತ್ ಕ್ಯಾರೊಲೈನಾದ ಟ್ರಾನ್ಸಿಲ್ವೇನಿಯಾ ಕೌಂಟಿ. ಲೂಯಿಸ್ ರೆಡ್ಮಂಡ್ ಎಂಬ ಬೆಟ್ಟದ ಯುವಕನನ್ನು ಆಲ್ಫ್ರೆಡ್ ಡಕ್‌ವರ್ತ್ ಎಂಬ ಸರ್ಕಾರಿ ಅಧಿಕಾರಿ ಅಡ್ಡಗಟ್ಟಿದರು. ಅವರ ಬಳಿ ವಾರಂಟ್ ಇತ್ತು. ತೆರಿಗೆ ಕಟ್ಟದ ವಿಸ್ಕಿಯ ವಿಷಯ. ರೆಡ್ಮಂಡ್ ಗುಂಡು ಹಾರಿಸಿದ. ಡಕ್‌ವರ್ತ್ ಸತ್ತರು.

ಮುಂದೆ ಐದು ವರ್ಷ ಅವನು ಬೆಟ್ಟಗಳಲ್ಲಿ ತಲೆಮರೆಸಿಕೊಂಡು ತಿರುಗಿದ. 1881ರಲ್ಲಿ ಗುಂಡೇಟು ತಿಂದು ಸಿಕ್ಕಿಬಿದ್ದ, ಜೈಲು ಸೇರಿದ. 1884ರಲ್ಲಿ ಅಧ್ಯಕ್ಷ ಚೆಸ್ಟರ್ ಆರ್ಥರ್ ಅವನನ್ನು ಕ್ಷಮಿಸಿ ಬಿಡುಗಡೆ ಮಾಡಿದರು. ಹೊರಗೆ ಬಂದವನಿಗೆ ಕೆಲಸ ಸಿಕ್ಕಿದ್ದು ಎಲ್ಲಿ ಗೊತ್ತಾ? ಸೌತ್ ಕ್ಯಾರೊಲೈನಾದ ವಾಲ್‌ಹಲ್ಲಾ ಊರಿನಲ್ಲಿ, ಲೈಸೆನ್ಸ್ ಇದ್ದ ಡಿಸ್ಟಿಲರಿಯಲ್ಲಿ. ಅವನ ಕೈಯಲ್ಲೇ ವಿಸ್ಕಿ ಮಾಡಿಸಿದರು. ಬಾಟಲಿಯ ಮೇಲೆ ಅವನದೇ ಚಿತ್ರ ಅಂಟಿಸಿ ಮಾರಿದರು.

ಅಪಲೇಚಿಯಾ ಬೆಟ್ಟಸಾಲಿನ ಮೂನ್‌ಶೈನ್ (ತೆರಿಗೆ ತಪ್ಪಿಸಿ ಗುಟ್ಟಾಗಿ ಇಳಿಸುವ ವಿಸ್ಕಿ) ಬಗ್ಗೆ ಓದುತ್ತಾ ಹೋದರೆ ಇದೇ ಕಥೆ ಮತ್ತೆ ಮತ್ತೆ ಎದುರಾಗುತ್ತದೆ. ಮಾಡಿದವನನ್ನು ಸರ್ಕಾರ ಹಿಡಿಯುತ್ತದೆ. ಆಮೇಲೆ ಅವನ ಹೆಸರು, ಮುಖ, ಕಥೆ ಅಂಗಡಿಗೆ ಬರುತ್ತವೆ. ಈಗ ಮನೆಯಲ್ಲಿ ವಿಸ್ಕಿ ಇಳಿಸುವುದು ಅಪರಾಧವಾಗಬೇಕೇ ಎಂಬ ಪ್ರಶ್ನೆ ಅಮೆರಿಕದ ಕೋರ್ಟುಗಳ ಮೆಟ್ಟಿಲೇರಿದೆ. ಆ ವಾದವನ್ನು ಸರಿಯಾಗಿ ತಿಳಿಯಬೇಕಾದರೆ ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ಈ ಜಗಳ ಶುರುವಾದದ್ದು ಕುಡಿತ ತಪ್ಪು ಅಂತ ಅಲ್ಲ. ತೆರಿಗೆಗಾಗಿ.

ಪೆನ್ಸಿಲ್ವೇನಿಯಾದ ಬೆಟ್ಟಗಳಿಂದ ಕೆಳಗೆ ಜಾರ್ಜಿಯಾದವರೆಗೆ ಹಬ್ಬಿರುವ ಈ ಸೀಮೆಗೆ 18ನೇ ಶತಮಾನದಲ್ಲಿ ಉತ್ತರ ಐರ್ಲೆಂಡಿನ ಅಲ್ಸ್ಟರ್ ಕಡೆಯ ಸ್ಕಾಟ್ಸ್-ಐರಿಷ್ ಜನ ದೊಡ್ಡ ಸಂಖ್ಯೆಯಲ್ಲಿ ಬಂದರು. ಭಟ್ಟಿ ಇಳಿಸುವ ವಿದ್ಯೆ ಅವರ ಜೊತೆಯಲ್ಲೇ ಬಂತು. ಇಲ್ಲಿ ಬಾರ್ಲಿಗಿಂತ ಮೆಕ್ಕೆಜೋಳ ಚೆನ್ನಾಗಿ ಬೆಳೆಯುತ್ತಿತ್ತು. ಆದರೆ ಕಡಿದಾದ ದಾರಿಯಲ್ಲಿ ಕಾಳನ್ನು ಪೇಟೆಗೆ ಹೊರುವುದು ದೊಡ್ಡ ಪಾಡು. ಒಂದು ಕುದುರೆ ನಾಲ್ಕು ಬುಷೆಲ್ ಕಾಳು ಹೊರಬಲ್ಲದು ಎಂದು ಆಗಿನವರು ಲೆಕ್ಕ ಹಾಕುತ್ತಿದ್ದರು. ಅದೇ ಕಾಳನ್ನು ವಿಸ್ಕಿ ಮಾಡಿದರೆ ಇಪ್ಪತ್ತನಾಲ್ಕು ಬುಷೆಲ್ಲಿನ ಬೆಲೆ ಒಂದೇ ಕುದುರೆಯ ಬೆನ್ನ ಮೇಲೆ ಹೋಗುತ್ತಿತ್ತು. ವಿಸ್ಕಿ ಕೆಡುವುದಿಲ್ಲ, ಹುಳ ಹಿಡಿಯುವುದಿಲ್ಲ. ದುಡ್ಡಿನ ಓಡಾಟವೇ ಕಮ್ಮಿ ಇದ್ದ ಊರುಗಳಲ್ಲಿ ಅದನ್ನೇ ದುಡ್ಡಿನ ಹಾಗೆ ಕೊಟ್ಟು ತೆಗೆದುಕೊಳ್ಳುತ್ತಿದ್ದರು. ನಾವು ಹಾಲು ಉಳಿದರೆ ಬೆಣ್ಣೆ ಕಡೆದು ತುಪ್ಪ ಕಾಯಿಸುತ್ತೇವಲ್ಲ, ಅವರ ಲೆಕ್ಕದಲ್ಲಿ ಇದೂ ಹಾಗೆಯೇ. ಬೆಳೆ ಉಳಿಸಿಕೊಳ್ಳುವ ದಾರಿ.

1791ರಲ್ಲಿ ಹೊಸ ದೇಶದ ಹಣಕಾಸು ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಯುದ್ಧದ ಸಾಲ ತೀರಿಸಲು ವಿಸ್ಕಿಯ ಮೇಲೆ ತೆರಿಗೆ ಹಾಕಿಸಿದರು. ಅದನ್ನು ಲೆಕ್ಕ ಹಾಕುವ ರೀತಿ ದೊಡ್ಡ ಉತ್ಪಾದಕರಿಗೆ ಅನುಕೂಲವಾಗಿತ್ತು. ಒಂದು ಗ್ಯಾಲನ್ನಿಗೆ ಅವರಿಗೆ ಬೀಳುತ್ತಿದ್ದ ಹೊರೆ ಸಣ್ಣ ರೈತನದ್ದಕ್ಕಿಂತ ಕಡಿಮೆ. ಅದೂ ನಗದಿನಲ್ಲೇ ಕಟ್ಟಬೇಕು. 1794ರಲ್ಲಿ ಪಶ್ಚಿಮ ಪೆನ್ಸಿಲ್ವೇನಿಯಾದ ರೈತರು ದಂಗೆ ಎದ್ದರು. ಜಾರ್ಜ್ ವಾಷಿಂಗ್ಟನ್ ಸುಮಾರು 13,000 ಸೈನಿಕರನ್ನು ಕಳಿಸಿ ಅದನ್ನು ಅಡಗಿಸಿದರು. 1802ರಲ್ಲಿ ಜೆಫರ್ಸನ್ ಸರ್ಕಾರ ಆ ತೆರಿಗೆಯನ್ನು ತೆಗೆದುಹಾಕಿತು. ನಡುವೆ ಕೆಲವು ವರ್ಷ ಬಿಟ್ಟರೆ ಮುಂದಿನ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ತನ್ನ ಹೊಲದ ಜೋಳದಿಂದ ವಿಸ್ಕಿ ಇಳಿಸುವ ರೈತನಿಂದ ಕೇಂದ್ರ ಸರ್ಕಾರ ಏನನ್ನೂ ಕೇಳಲಿಲ್ಲ. ಆ ಅರ್ಧ ಶತಮಾನ ಮುಖ್ಯ. ಎರಡು ಮೂರು ತಲೆಮಾರಿಗೆ ಇದು ಮನೆಗೆಲಸವೇ ಆಗಿತ್ತು.

ಅಂತರ್ಯುದ್ಧ ಬಂತು. 1862ರಲ್ಲಿ ಗ್ಯಾಲನ್ನಿಗೆ 20 ಸೆಂಟ್ ತೆರಿಗೆ. 1865ರ ಹೊತ್ತಿಗೆ ಅದು 2 ಡಾಲರ್. ಹತ್ತು ಪಟ್ಟು! ಯುದ್ಧ ಮುಗಿದರೂ ತೆರಿಗೆ ಹೋಗಲಿಲ್ಲ. ಸೋತ ದಕ್ಷಿಣದ ಬೆಟ್ಟಗಳಿಗೆ ಗೆದ್ದ ಸರ್ಕಾರದ ಅಬಕಾರಿಯವರು ಬಂದೂಕು ಹಿಡಿದು ಬಂದರು. 1868ರ ಕಾನೂನು ಮನೆಯಲ್ಲಿ ಭಟ್ಟಿ ಇಡುವುದನ್ನೇ ನಿಷೇಧಿಸಿತು. ಅಪ್ಪ ಮಾಡುತ್ತಿದ್ದ ಕೆಲಸವನ್ನು ಮಗ ಮಾಡಿದರೆ ಜೈಲು. ರೆಡ್ಮಂಡ್ ಬೆಳೆದದ್ದು ಇದರ ನಡುವೆ. ಅವನು ಮಾಡಿದ ಕೊಲೆಯನ್ನು ನಾನು ಸಮರ್ಥಿಸುವುದಿಲ್ಲ. ಡಕ್‌ವರ್ತ್ ತನ್ನ ಕೆಲಸ ಮಾಡಲು ಹೋದವರು. ಆದರೆ ಊರಿಗೆ ಊರೇ ಯಾಕೆ ರೆಡ್ಮಂಡನನ್ನು ಬಚ್ಚಿಟ್ಟಿತು ಎಂಬುದಕ್ಕೆ ಉತ್ತರ ಇಲ್ಲಿದೆ.

ಇನ್ನು ಆ ಕೆಲಸವನ್ನೇ ನೋಡೋಣ. ಇದನ್ನು ಸುಮ್ನೆ 'ಕಳ್ಳ ಸಾರಾಯಿ' ಅಂದುಬಿಟ್ಟರೆ ಅದರಲ್ಲಿರುವ ಕೈಚಳಕ ಕಣ್ಣಿಗೆ ಬೀಳುವುದಿಲ್ಲ.

ಮೊದಲು ಜಾಗ. ತಣ್ಣನೆಯ ನೀರಿನ ತೊರೆ ಬೇಕು. ಸುತ್ತ ರೋಡೋಡೆಂಡ್ರಾನ್ ಪೊದೆ ದಟ್ಟವಾಗಿರಬೇಕು. ಒಂದಿಷ್ಟು ಮೆಕ್ಕೆಜೋಳವನ್ನು ಒದ್ದೆ ಗೋಣಿಯಲ್ಲಿ ಕಟ್ಟಿ ಮೊಳಕೆ ಬರಿಸುತ್ತಾರೆ, ನಮ್ಮಲ್ಲಿ ರಾಗಿ ಮೊಳಕೆ ಕಟ್ಟುವ ಹಾಗೆಯೇ. ಅದನ್ನು ಒಣಗಿಸಿ ಬೀಸಿದರೆ ಮಾಲ್ಟ್. ಉಳಿದ ಜೋಳದ ಹಿಟ್ಟನ್ನು ನೀರಲ್ಲಿ ಬೇಯಿಸಿ, ಬಿಸಿ ಆರಿದ ಮೇಲೆ ಮಾಲ್ಟ್ ಬೆರೆಸುತ್ತಾರೆ. ಮೊಳಕೆಯಲ್ಲಿರುವ ಕಿಣ್ವ ಹಿಟ್ಟಿನ ಪಿಷ್ಟವನ್ನು ಸಕ್ಕರೆ ಮಾಡುತ್ತದೆ. ಯೀಸ್ಟ್ ಆ ಸಕ್ಕರೆಯನ್ನು ಮದ್ಯ ಮಾಡುತ್ತದೆ. ಕೆಲವು ದಿನ ನೊರೆ ಉಕ್ಕುತ್ತದೆ. ನೊರೆ ಇಳಿದು ಹುಳಿ ನೀರು ತಿಳಿಯಾದರೆ ಸಮಯವಾಯಿತು ಅಂತ. ನಮ್ಮ ಅಬಕಾರಿಯವರು 'ಕೊಳೆ' ಅನ್ನುವುದನ್ನು ಅಲ್ಲಿನವರು 'ಬಿಯರ್' ಅನ್ನುತ್ತಾರೆ.

ಆಮೇಲೆ ತಾಮ್ರದ ಹಂಡೆ. ಕಲ್ಲು ಮಣ್ಣಿನ ಒಲೆ. ಹಂಡೆಗೆ ಮುಚ್ಚಳ ಇಟ್ಟು ಸಂದಿಗೆ ಹಿಟ್ಟಿನ ಅಂಟು ಮೆತ್ತುತ್ತಾರೆ. ಮದ್ಯ 78 ಡಿಗ್ರಿಗೆ ಕುದಿಯುತ್ತದೆ, ನೀರು 100ಕ್ಕೆ. ಈ ವ್ಯತ್ಯಾಸದ ಮೇಲೆಯೇ ಇಡೀ ವಿದ್ಯೆ ನಿಂತಿದೆ. ಆವಿ ಕೊಳವೆಯಲ್ಲಿ ಹೋಗಿ ಒಂದು ಮರದ ಪೀಪಾಯಿಯೊಳಗೆ ನುಗ್ಗುತ್ತದೆ. ಅಲ್ಲಿ 'ಥಂಪ್ ಥಂಪ್' ಎಂದು ಸದ್ದು ಮಾಡುವುದರಿಂದ ಅದರ ಹೆಸರೇ 'ಥಂಪ್ ಕೆಗ್'. ಅಲ್ಲಿ ಎರಡನೇ ಸಲ ಭಟ್ಟಿ ಇಳಿದ ಹಾಗಾಗುತ್ತದೆ. ಕೊನೆಗೆ ಸುರುಳಿ ಸುತ್ತಿದ ತಾಮ್ರದ ಕೊಳವೆ. ಅದಕ್ಕೆ ಅವರು 'ಹುಳ' ಅಂತ ಹೆಸರಿಟ್ಟಿದ್ದಾರೆ. ತೊರೆಯ ನೀರು ತುಂಬಿದ ಪೀಪಾಯಿಯಲ್ಲಿ ಅದು ಮುಳುಗಿರುತ್ತದೆ. ತುದಿಯಲ್ಲಿ ಹನಿ ಹನಿಯಾಗಿ ಇಳಿಯುವುದೇ ಮೂನ್‌ಶೈನ್, ಬೆಳದಿಂಗಳು. ಹಗಲು ಹೊಗೆ ಕಂಡರೆ ಸಿಕ್ಕಿಬೀಳುತ್ತಾರೆ, ಅದಕ್ಕೇ ರಾತ್ರಿಯ ಕೆಲಸ.

ಮೊದಲು ಬಂದದ್ದನ್ನು ಚೆಲ್ಲಬೇಕು. ಕೊನೆಯಲ್ಲಿ ಬರುವುದು ಕಮಟು, ಅದನ್ನು ಬೇರೆ ಇಡಬೇಕು. ನಡುವಿನದ್ದೇ ಒಳ್ಳೆಯದು. ಎಲ್ಲಿ ಕತ್ತರಿಸಬೇಕು ಎಂಬುದನ್ನು ಮೂಗು ನಾಲಿಗೆ ಹೇಳುತ್ತವೆ. ಎಷ್ಟು ಗಟ್ಟಿ ಎಂದು ತಿಳಿಯಲು ಗಾಜಿನ ಜಾಡಿಯಲ್ಲಿ ಹಾಕಿ ಕುಲುಕುತ್ತಾರೆ. ಗುಳ್ಳೆ ದೊಡ್ಡದಾಗಿದ್ದು ಬೇಗ ಒಡೆದರೆ ಜಾಸ್ತಿ ಗಟ್ಟಿ, ಸಣ್ಣ ಗುಳ್ಳೆ ನಿಂತೇ ಇದ್ದರೆ ಕಮ್ಮಿ. ಇದನ್ನು ಬರೆದು ಕಲಿಸಲಾಗುವುದಿಲ್ಲ. ಪಕ್ಕದಲ್ಲಿ ನಿಂತು ಕಲಿಯಬೇಕು.

ಈ ನಿಧಾನದ ಕೆಲಸವನ್ನು ಕೆಡಿಸಿದ್ದು ಪಾನನಿಷೇಧ. ವರ್ಜೀನಿಯಾ 1916ರಲ್ಲೇ ಮದ್ಯ ನಿಲ್ಲಿಸಿತ್ತು. 1920ರ ಜನವರಿಯಿಂದ ಇಡೀ ದೇಶ. ಬೇಡಿಕೆ ಒಮ್ಮೆಗೇ ಮುಗಿಲಿಗೇರಿತು. ಜೋಳ ಮೊಳಕೆ ಬರುವವರೆಗೆ ಯಾರು ಕಾಯುತ್ತಾರೆ? ಸಕ್ಕರೆ ಸುರಿದರೆ ಬೇಗ ಆಗುತ್ತದೆ, ಜಾಸ್ತಿ ಬರುತ್ತದೆ. ಅದೇ ಕಾಲಕ್ಕೆ ಬೆಟ್ಟದ ಬದುಕು ಬೇರೆ ಕಡೆಯಿಂದಲೂ ಕುಸಿಯುತ್ತಿತ್ತು. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಾಣಿಸಿಕೊಂಡ ಶಿಲೀಂಧ್ರ ರೋಗ ಕೆಲವೇ ದಶಕಗಳಲ್ಲಿ ಅಮೆರಿಕನ್ ಚೆಸ್ಟ್‌ನಟ್ ಮರಗಳನ್ನು ಕೋಟಿಗಟ್ಟಲೆ ಸಾಯಿಸಿತು. ಹಂದಿಗೆ ಮೇವು, ಮನೆಗೆ ನಗದು, ಎರಡನ್ನೂ ಕೊಡುತ್ತಿದ್ದ ಮರ ಅದು. ಆಮೇಲೆ ಮಹಾ ಆರ್ಥಿಕ ಕುಸಿತ. ಉಳಿದ ಆದಾಯ ಇದೊಂದೇ ಅನ್ನುವ ಮನೆಗಳು ಸಾವಿರಾರು.

ವರ್ಜೀನಿಯಾದ ಫ್ರಾಂಕ್ಲಿನ್ ಕೌಂಟಿಯ ಲೆಕ್ಕ ನೋಡಿ. 1930ರಲ್ಲಿ ಅಲ್ಲಿದ್ದ ಜನ ಸುಮಾರು 24,000. 1930ರಿಂದ 1935ರ ನಡುವೆ ಆ ಕೌಂಟಿಗೆ ಬಂದ ಸಕ್ಕರೆ 3 ಕೋಟಿ 30 ಲಕ್ಷ ಪೌಂಡಿಗೂ ಜಾಸ್ತಿ ಎಂದು ಕೋರ್ಟಿನಲ್ಲಿ ಲೆಕ್ಕ ಕೊಟ್ಟರು. ಹಸುಗೂಸೂ ಸೇರಿ ತಲೆಗೆ 600 ಕಿಲೋ ದಾಟುತ್ತದೆ. ಪಾಯಸಕ್ಕಂತೂ ಅಷ್ಟು ಬೇಡ, ಅಲ್ವಾ? 1935ರಲ್ಲಿ ರೋನೋಕ್ ನಗರದಲ್ಲಿ ನಡೆದ ಆ ವಿಚಾರಣೆಯಲ್ಲಿ ಹೊರಬಿದ್ದ ಇನ್ನೊಂದು ಮಾತು ನನ್ನನ್ನು ಬಹಳ ಕಾಡಿದೆ. ಹಂಡೆ ಇಟ್ಟವನು ತಿಂಗಳು ತಿಂಗಳು ಕಾನೂನಿನವರಿಗೇ ಮಾಮೂಲಿ ಕೊಡಬೇಕಿತ್ತು. ಅದಕ್ಕೆ 'ಗ್ರ್ಯಾನಿ ಫೀ' ಎಂದು ಹೆಸರು. ಕೊಡದವನ ಹಂಡೆಗೆ ಕೊಡಲಿ ಏಟು ಬೀಳುತ್ತಿತ್ತು. ಈ ಗುಂಪಿನೊಳಗಿನ ಸಂಗತಿ ಬಲ್ಲ ಜೆಫ್ ರಿಚರ್ಡ್ಸ್ ಎಂಬ ಪೊಲೀಸ್ ಡೆಪ್ಯುಟಿಯನ್ನು ವಿಚಾರಣೆಗೆ ಮುಂಚೆಯೇ, 1934ರ ಅಕ್ಟೋಬರಿನಲ್ಲಿ, ಗುಂಡಿಕ್ಕಿ ಕೊಂದಿದ್ದರು. ಕೊನೆಗೆ ಹೆಚ್ಚಿನ ಆರೋಪಿಗಳಿಗೆ ಶಿಕ್ಷೆಯಾಯಿತು. ಕೌಂಟಿಯ ಸರ್ಕಾರಿ ವಕೀಲ ಕಾರ್ಟರ್ ಲೀ ಖುಲಾಸೆಯಾದರು.

ಬೆಟ್ಟದ ಬಡವ ಸರ್ಕಾರಕ್ಕೆ ತೆರಿಗೆ ಕಟ್ಟಲಿಲ್ಲ, ನಿಜ. ಆದರೆ ಅವನು ಪುಕ್ಕಟೆಯಾಗಿಯೂ ಬದುಕಲಿಲ್ಲ. ಮಾಮೂಲಿ ಕೊಟ್ಟ, ಸಕ್ಕರೆ ಸಾಲ ತೀರಿಸಿದ, ಸಾಗಿಸುವವನಿಗೆ ಪಾಲು ಕೊಟ್ಟ. ಲಾಭ ಮೇಲಿನವರಿಗೆ ಹೋಯಿತು, ಜೈಲು ಇವನ ಪಾಲಿಗೆ ಬಂತು.

ಸಾಗಿಸುವವರ ಕಥೆ ಎಲ್ಲರಿಗೂ ಇಷ್ಟ. ಹಳೆಯ ಫೋರ್ಡ್ ಕಾರಿಗೆ ಹಿಂದಿನ ಸ್ಪ್ರಿಂಗ್ ಗಟ್ಟಿ ಮಾಡಿ, ಎಂಜಿನ್ ಬದಲಿಸಿ, ರಾತ್ರಿ ತಿರುವು ರಸ್ತೆಯಲ್ಲಿ ಪೊಲೀಸರಿಗೆ ಕೈಕೊಟ್ಟು ಓಡಿಸುತ್ತಿದ್ದ ಹುಡುಗರು ಅವರು. ಅವರ ಪಂದ್ಯಗಳಿಂದಲೇ ನ್ಯಾಸ್ಕಾರ್ ಕಾರ್ ರೇಸಿಂಗ್ ಬೆಳೆಯಿತು. 1949ರ ಜೂನ್ 19ರಂದು ಶಾರ್ಲೆಟ್‌ನಲ್ಲಿ ನಡೆದ ಅದರ, ತಿದ್ದದ ಮಾಮೂಲಿ ಕಾರುಗಳಿಗೇ ಮೀಸಲಾದ, ಮೊದಲ 'ಸ್ಟ್ರಿಕ್ಟ್‌ಲಿ ಸ್ಟಾಕ್' ಪಂದ್ಯದಲ್ಲಿ ಮೊದಲು ಗುರಿ ಮುಟ್ಟಿದವರು ಗ್ಲೆನ್ ಡನವೇ. ಅವರ ಗೆಲುವನ್ನು ರದ್ದು ಮಾಡಿದರು. ಕಾರಣ, ಆ ಕಾರಿನ ಸ್ಪ್ರಿಂಗುಗಳನ್ನು ಸಾರಾಯಿ ಹೊರಲು ತಿದ್ದಿದ್ದರು. ಈ ಕಥೆಗಳಲ್ಲಿ ಸಾವೂ ಇದೆ. ಜಾರ್ಜಿಯಾದ ಡಾಸನ್‌ವಿಲ್ ಕಡೆಯ ಲಾಯ್ಡ್ ಸೇ ಎಂಬ ಯುವಕ 1941ರ ಸೆಪ್ಟೆಂಬರ್ 1ರಂದು ಅಟ್ಲಾಂಟಾದ ಲೇಕ್‌ವುಡ್ ಟ್ರ್ಯಾಕಿನಲ್ಲಿ ದೊಡ್ಡ ಪಂದ್ಯ ಗೆದ್ದ. ಮರುದಿನ ಸೋದರ ಸಂಬಂಧಿಯೇ ಅವನನ್ನು ಗುಂಡಿಕ್ಕಿ ಕೊಂದ. ಜಗಳ ಸಕ್ಕರೆಯ ಲೆಕ್ಕದ್ದು.

ಕಳ್ಳಭಟ್ಟಿ ಅಂದರೆ ನಮಗೆ ಮೊದಲು ನೆನಪಾಗುವುದು ಸಾವು. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನ ವಿಷ ಮದ್ಯಕ್ಕೆ ಬಲಿಯಾದರು. 2007ರ ಜುಲೈಯಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. 2008ರ ಮೇ ತಿಂಗಳಲ್ಲಿ ಬೆಂಗಳೂರು ಮತ್ತು ಗಡಿಯಾಚೆಯ ತಮಿಳುನಾಡಿನ ಹಳ್ಳಿಗಳಲ್ಲಿ ಮತ್ತೆ ನೂರಕ್ಕೂ ಹೆಚ್ಚು ಸಾವು. ಹಾಗಾಗಿ ಬೆಟ್ಟದ ವಿದ್ಯೆ ಎಂದು ನಾನು ಹೊಗಳಿದಾಗ ಓದುಗರಿಗೆ ಸಿಟ್ಟು ಬಂದರೆ ಅದು ನ್ಯಾಯವೇ. ಅಮೆರಿಕದಲ್ಲೂ ಇದು ಆಗಿದೆ. 1951ರ ಅಕ್ಟೋಬರಿನಲ್ಲಿ ಅಟ್ಲಾಂಟಾದಲ್ಲಿ ಸುಮಾರು ನಲವತ್ತು ಜನ ಸತ್ತರು.

ಆದರೆ ಅಲ್ಲೂ ಇಲ್ಲೂ ಕೊಂದದ್ದು ಏನು? ಮೆಥನಾಲ್. ಅದು ಜೋಳದ ಹುಳಿ ನೀರಿನಿಂದ ಆ ಪ್ರಮಾಣದಲ್ಲಿ ಬರುವುದಿಲ್ಲ. ಕಾರ್ಖಾನೆಯ ಸ್ಪಿರಿಟ್ ತಂದು ಯಾರೋ ಬೆರೆಸಿದ್ದು ಅದು. ಇನ್ನೊಂದು ವಿಷ ಸೀಸ. ತಾಮ್ರದ ಸುರುಳಿ ಕೊಳ್ಳುವ ಬದಲು ಹಳೆಯ ಕಾರಿನ ರೇಡಿಯೇಟರ್ ಜೋಡಿಸಿದರು. ಅದರ ಬೆಸುಗೆಯ ಸೀಸ ಮದ್ಯದಲ್ಲಿ ಕರಗಿ ಕುಡಿದವರ ನರ, ಮೂತ್ರಪಿಂಡ ಹಾಳುಮಾಡಿತು. ಈ ಎರಡೂ ಜಾಸ್ತಿ ನಡೆದದ್ದು ಮಾಡಿದವನಿಗೂ ಕುಡಿಯುವವನಿಗೂ ಪರಿಚಯವೇ ಇಲ್ಲದ ಕಡೆ. ತನ್ನ ಭಾವನೂ ಪಕ್ಕದ ಮನೆಯವನೂ ಕುಡಿಯುತ್ತಾರೆ ಎಂದು ಗೊತ್ತಿದ್ದವನು ಹಾಗೆ ಮಾಡುವುದು ಕಷ್ಟ. ಪೂರ್ತಿ ಗುಟ್ಟಿನ ವ್ಯಾಪಾರದಲ್ಲಿ ಪರೀಕ್ಷೆ ಮಾಡುವವರಿಲ್ಲ, ದೂರು ಕೊಡುವವರಿಲ್ಲ. ವಿಷಕ್ಕೆ ದಾರಿ ಆಗುವುದು ಅಲ್ಲಿ.

ಕುಡಿತದಿಂದ ಮನೆ ಹಾಳಾದದ್ದೂ ಸುಳ್ಳಲ್ಲ. ಬೆಟ್ಟದ ಚರ್ಚುಗಳು, ಹೆಂಗಸರು ಪಾನನಿಷೇಧಕ್ಕೆ ಓಟು ಕೇಳಿದ್ದು ಹೊರಗಿನವರ ಮಾತು ಕೇಳಿ ಅಲ್ಲ. ಅವರು ಕಂಡದ್ದು ಅವರಿಗೆ ಗೊತ್ತಿತ್ತು. ಹಾಗಂತ ಅಂಗಡಿಯ ವಿಸ್ಕಿ ಮನೆ ಹಾಳು ಮಾಡುವುದಿಲ್ಲವೇ? ಇಂದು ಟೆನ್ನೆಸಿಯಲ್ಲಿ ಅದಕ್ಕೆ ಜಾಹೀರಾತಿದೆ.

ಈಗ ಮುಖಗಳಿಗೆ ಬರೋಣ. ನಾರ್ತ್ ಕ್ಯಾರೊಲೈನಾದ ವಿಲ್ಕ್ಸ್ ಕೌಂಟಿಯ ಜೂನಿಯರ್ ಜಾನ್ಸನ್ 1956ರಲ್ಲಿ ಅಪ್ಪನ ಭಟ್ಟಿಯ ಬಳಿ ಸಿಕ್ಕಿಬಿದ್ದರು. ಓಹಾಯೋದ ಚಿಲಿಕಾಥಿ ಜೈಲಿನಲ್ಲಿ 11 ತಿಂಗಳು ಕಳೆದರು. ಆಮೇಲೆ ನ್ಯಾಸ್ಕಾರ್‌ನಲ್ಲಿ 50 ಪಂದ್ಯ ಗೆದ್ದು ದೊಡ್ಡ ಹೆಸರು ಮಾಡಿದರು. 1986ರಲ್ಲಿ ಅಧ್ಯಕ್ಷ ರೇಗನ್ ಕ್ಷಮೆ ಕೊಟ್ಟರು. 2007ರಲ್ಲಿ ಅವರ ಹೆಸರಿನಲ್ಲೇ 'ಮಿಡ್‌ನೈಟ್ ಮೂನ್' ಎಂಬ ಕಾನೂನುಬದ್ಧ ಮೂನ್‌ಶೈನ್ ಪೇಟೆಗೆ ಬಂತು. ಅವರು ಅದರಲ್ಲಿ ಪಾಲುದಾರರೂ ಆಗಿದ್ದರು. ಒಳ್ಳೆಯದಾಯಿತು. ಆದರೆ ಅವರಿಗೆ ಆ ಬಾಗಿಲು ತೆರೆದದ್ದು ರೇಸಿನಿಂದ ಬಂದ ಹೆಸರು.

ಪಾಪ್‌ಕಾರ್ನ್ ಸಟನ್‌ಗೆ ಹಾಗಾಗಲಿಲ್ಲ. ನಾರ್ತ್ ಕ್ಯಾರೊಲೈನಾದ ಮ್ಯಾಗಿ ವ್ಯಾಲಿಯವರು, ಆಮೇಲೆ ಟೆನ್ನೆಸಿಯ ಕಾಕ್ ಕೌಂಟಿಯಲ್ಲಿ ನೆಲೆಸಿದವರು. ಉದ್ದ ಗಡ್ಡ, ಓವರಾಲ್. ಕ್ಯಾಮೆರಾ ಮುಂದೆಯೇ ಭಟ್ಟಿ ಇಳಿಸಿ ತೋರಿಸುತ್ತಿದ್ದರು. 2009ರ ಜನವರಿಯಲ್ಲಿ ಅವರಿಗೆ 18 ತಿಂಗಳ ಶಿಕ್ಷೆಯಾಯಿತು. ಆರೋಗ್ಯ ಕೆಟ್ಟಿದೆ, ಮನೆಯಲ್ಲೇ ಬಂಧನದಲ್ಲಿಡಿ ಎಂದು ಕೇಳಿಕೊಂಡರು. ಕೋರ್ಟ್ ಒಪ್ಪಲಿಲ್ಲ. ಮಾರ್ಚ್ 16ರಂದು, ಜೈಲಿಗೆ ಹೋಗುವ ಮೊದಲೇ, 62ನೇ ವಯಸ್ಸಿನಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಅದೇ 2009ರಲ್ಲಿ ಟೆನ್ನೆಸಿ ತನ್ನ ಕಾನೂನು ಬದಲಿಸಿತು. ಅಲ್ಲಿಯವರೆಗೆ ಮೂರೇ ಕೌಂಟಿಗಳಲ್ಲಿ ಡಿಸ್ಟಿಲರಿಗೆ ಅವಕಾಶವಿತ್ತು. ಈಗ ಇನ್ನೂ 41 ಕೌಂಟಿಗಳಿಗೆ ಬಾಗಿಲು ತೆರೆಯಿತು. ಮರುವರ್ಷ ಗ್ಯಾಟ್ಲಿನ್‌ಬರ್ಗ್ ಪೇಟೆಯಲ್ಲಿ 'ಓಲ್ ಸ್ಮೋಕಿ' ಡಿಸ್ಟಿಲರಿ ಶುರುವಾಯಿತು. ಅದೇ 2010ರಲ್ಲಿ ಸಟನ್ ಹೆಸರಿನ ವಿಸ್ಕಿಯೂ ಬಂತು.

ಅಟ್ಲಾಂಟಾ, ಶಾರ್ಲೆಟ್ ಕಡೆಯ ಕನ್ನಡದ ಮನೆಗಳಿಂದ ರಜೆಗೆ ಸ್ಮೋಕಿ ಬೆಟ್ಟಕ್ಕೆ ಹೋಗಿಬರುವವರು ಬಹಳ. ಅವರಿಗೆ ಗ್ಯಾಟ್ಲಿನ್‌ಬರ್ಗ್‌ನ ಬೀದಿ ಗೊತ್ತಿರುತ್ತದೆ. ಜಾಡಿಯಲ್ಲಿ ತುಂಬಿಟ್ಟ ಆಪಲ್ ಪೈ ರುಚಿ, ಪೀಚ್ ರುಚಿ, ಸಾಲಾಗಿ ಪುಟ್ಟ ಲೋಟಗಳು. ಅಮೆರಿಕದ ಕಾನೂನಿನಲ್ಲಿ ಅಲ್ಲಿನ ಹೆಸರಾಂತ ಜೋಳದ ವಿಸ್ಕಿ ಬರ್ಬನ್‌ಗೆ ಇರುವಂಥ ವ್ಯಾಖ್ಯಾನ ಮೂನ್‌ಶೈನ್‌ಗೆ ಇಲ್ಲ. ಹಾಗಾಗಿ ಯಾವ ಸ್ಪಿರಿಟ್‌ಗೆ ಬಣ್ಣ ರುಚಿ ಬೆರೆಸಿದರೂ ಆ ಹೆಸರು ಹಾಕಬಹುದು. ನಾನು ಈ ಅಂಗಡಿಗಳನ್ನು ದೂರುತ್ತಿಲ್ಲ. ಅವರು ತೆರಿಗೆ ಕಟ್ಟುತ್ತಾರೆ, ಊರಿನವರಿಗೆ ಕೆಲಸ ಕೊಡುತ್ತಾರೆ. ಪ್ರಶ್ನೆ ಬೇರೆ. ಕಾಕ್ ಕೌಂಟಿಯ ಹಳ್ಳಿಯಲ್ಲಿ ಅಜ್ಜನಿಂದ ಕಲಿತವನೊಬ್ಬ ಇದ್ದಾನೆ ಅಂದುಕೊಳ್ಳಿ. ಅವನು ಯಾಕೆ ಲೈಸೆನ್ಸ್ ತೆಗೆದುಕೊಳ್ಳಬಾರದು?

ಕೇಂದ್ರದ ಪರ್ಮಿಟ್ ಅರ್ಜಿಗೆ ಶುಲ್ಕವೇ ಇಲ್ಲ. ತೆರಿಗೆ ಪ್ರೂಫ್ ಗ್ಯಾಲನ್ನಿಗೆ (ಅರ್ಧ ಪಾಲು ಮದ್ಯಸಾರ ಇರುವ ಒಂದು ಗ್ಯಾಲನ್) 13.50 ಡಾಲರ್, ಪ್ರತಿ ಉತ್ಪಾದಕನ ವರ್ಷದ ಮೊದಲ ಒಂದು ಲಕ್ಷ ಗ್ಯಾಲನ್ನಿಗೆ ಬರೀ 2.70. ಇಷ್ಟು ಓದಿದರೆ ಸುಲಭ ಅನ್ನಿಸುತ್ತದೆ. ತೊಡಕಿರುವುದು ಒಂದು ಸಾಲಿನಲ್ಲಿ. ವಾಸದ ಮನೆಯಲ್ಲಿ, ಅದಕ್ಕೆ ಸೇರಿದ ಕೊಟ್ಟಿಗೆಯಲ್ಲಿ, ಹಿತ್ತಲಲ್ಲಿ ಹಂಡೆ ಇಡುವಂತಿಲ್ಲ. ಇಟ್ಟರೆ ಐದು ವರ್ಷದವರೆಗೆ ಜೈಲು, 10,000 ಡಾಲರ್ ದಂಡ. ಬೇರೆ ಕಟ್ಟಡ ಬೇಕು, ರಾಜ್ಯದ ಲೈಸೆನ್ಸ್ ಬೇಕು, ವಿಮೆ ಬೇಕು. ಅಷ್ಟು ಬಂಡವಾಳ ಇದ್ದವನಿಗೆ ಮಾತ್ರ ಈ ದಾರಿ. ಈ ವಿದ್ಯೆ ಹುಟ್ಟಿ ಬೆಳೆದದ್ದೇ ಮನೆ ಹಿತ್ತಲಲ್ಲಿ. ಕಾನೂನು ಉಳಿದದ್ದಕ್ಕೆಲ್ಲ ಒಪ್ಪಿ ಅದೊಂದನ್ನೇ ಹೊರಗಿಟ್ಟಿದೆ.

2024ರ ಜುಲೈಯಲ್ಲಿ ಟೆಕ್ಸಸ್‌ನ ಫೋರ್ಟ್ ವರ್ತ್‌ನಲ್ಲಿ ಕೇಂದ್ರ ನ್ಯಾಯಾಧೀಶ ಮಾರ್ಕ್ ಪಿಟ್‌ಮನ್ ಮುಟ್ಟಿದ್ದು ಇದೇ ಸಾಲನ್ನು. ಹಾಬಿ ಡಿಸ್ಟಿಲರ್ಸ್ ಅಸೋಸಿಯೇಷನ್ ಎಂಬ ಸಂಘ ಹಾಕಿದ ಕೇಸು. ಮನೆಯಲ್ಲಿ ಮಾಡುವುದನ್ನೇ ನಿಷೇಧಿಸುವ ಅಧಿಕಾರ ಸಂಸತ್ತಿಗೆ ಇಲ್ಲ ಎಂದು ಅವರು ತೀರ್ಪು ಕೊಟ್ಟರು. ಸರ್ಕಾರದ ವಾದ ಹಳೆಯದು. ಮನೆಯೊಳಗೆ ಮಾಡಿದರೆ ಅಳೆಯುವುದು ಹೇಗೆ, ತೆರಿಗೆ ತಪ್ಪುತ್ತದೆ ಎಂದು. ಆದರೆ ಮಾಡಲೇ ಬಿಡದಿದ್ದರೆ ತೆರಿಗೆ ಎಲ್ಲಿಂದ ಬರುತ್ತದೆ? ನನಗೆ ಈ ಪ್ರಶ್ನೆ ತುಂಬ ಸರಿ ಅನ್ನಿಸುತ್ತದೆ. ಆ ಆದೇಶದ ರಕ್ಷಣೆ ಸಿಕ್ಕಿದ್ದು ದಾವೆ ಹೂಡಿದವರಿಗೆ, ಸಂಘದ ಸದಸ್ಯರಿಗೆ ಮಾತ್ರ. ಸರ್ಕಾರ ಮೇಲ್ಮನವಿಗೆ ಹೋಯಿತು. ಓಹಾಯೋದಲ್ಲೂ ಇಂಥದ್ದೇ ದಾವೆ ಹೂಡಲಾಯಿತು. ಕೇಂದ್ರದ ಕಾನೂನು ಬಿದ್ದರೂ ರಾಜ್ಯಗಳ ಕಾನೂನು ಬೇರೆ ಇರುತ್ತದೆ.

ಬಿಯರ್ ವಿಷಯದಲ್ಲಿ ಅಮೆರಿಕ ಈ ದಾರಿಯನ್ನು ಒಮ್ಮೆ ನಡೆದು ನೋಡಿದೆ. 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿದ ಕಾನೂನು ಮನೆಯಲ್ಲಿ ಬಿಯರ್ ಮಾಡಲು ಬಿಟ್ಟಿತು. ಒಬ್ಬ ವಯಸ್ಕ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಮತ್ತು ಮೇಲ್ಪಟ್ಟರೆ 200. ಮಾರುವಂತಿಲ್ಲ. ಆಗ ದೇಶದಲ್ಲಿ ಬ್ರೂವರಿಗಳು ನೂರೂ ಇರಲಿಲ್ಲ. ಇಂದು 9,000 ದಾಟಿವೆ. ಅವನ್ನು ಕಟ್ಟಿದವರಲ್ಲಿ ಬಹಳ ಮಂದಿ ಕೈ ಪಳಗಿಸಿಕೊಂಡದ್ದು ಮನೆಯ ಅಡುಗೆಮನೆಯಲ್ಲಿ. ವಿಸ್ಕಿ ಇಳಿಸುವುದು ಬಿಯರಿನಷ್ಟು ಸರಳವಲ್ಲ. ಬೆಂಕಿಯ ಅಪಾಯ ನಿಜ, ಮದ್ಯದ ಆವಿ ಬೇಗ ಹೊತ್ತಿಕೊಳ್ಳುತ್ತದೆ. ಅದಕ್ಕೆ ಬೇಕಾದದ್ದು ನಿಯಮ. ನ್ಯೂಜಿಲೆಂಡ್ 1996ರಿಂದಲೇ ಸ್ವಂತಕ್ಕೆ ಮನೆಯಲ್ಲಿ ಭಟ್ಟಿ ಇಳಿಸಲು ಬಿಟ್ಟಿದೆ.

ಅಪಲೇಚಿಯಾಕ್ಕೂ ಅಷ್ಟೇ ಸಾಕು ಎಂದು ನನಗೆ ಅನ್ನಿಸುತ್ತದೆ. ಮನೆಗೆ ವರ್ಷಕ್ಕೆ ಇಂತಿಷ್ಟು ಗ್ಯಾಲನ್ ಎಂಬ ಮಿತಿ. ಹಂಡೆಗೆ ನೋಂದಣಿ. ಬೆಸುಗೆಯಲ್ಲಿ ಸೀಸ ಇದೆಯೇ ಎಂದು ಕೌಂಟಿಯಲ್ಲೇ ಪುಕ್ಕಟೆ ಪರೀಕ್ಷೆ. ಮಾರಬೇಕು ಅನ್ನುವವನಿಗೆ ತನ್ನ ಹಿತ್ತಲಿನಿಂದಲೇ ಶುರುಮಾಡಬಹುದಾದ ಒಂದು ಸಣ್ಣ ಲೈಸೆನ್ಸ್, ಅದರ ಮೇಲೆ ಆ 2.70 ಡಾಲರಿನ ತೆರಿಗೆ. ಮತ್ತು ಜಾಡಿಯ ಮೇಲೆ ಹಾಕಲು ಅವನದೇ ಹೆಸರು, ಅವನು ಬದುಕಿರುವಾಗಲೇ.